ಒಂದೇ ಹಾಡಿನ ಆಲ್ಬಂ, ಹಲವು ಪ್ರೆಸ್ಸಿಂಗ್: ‘ಡೋಪ್‌ಸ್ಮೋಕರ್’ ಎಲ್‌ಪಿಗಳಲ್ಲಿ ಯಾವುದನ್ನು ಕೊಳ್ಳಬೇಕು?

ಕೌಲ್‌ಬಜಾರ್ ಕೇಳುಗ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಎಲ್‌ಪಿ ಗ್ರಾಮಫೋನ್ ತಟ್ಟೆಗಳನ್ನು ಕೂಡಿಹಾಕುವವರೇ ಬೆರಳೆಣಿಕೆಯಷ್ಟು, ಅವರಲ್ಲಿ ಹೆವಿ ಮೆಟಲ್ ತಟ್ಟೆಗಳ ಬೆನ್ನು ಬಿದ್ದವರು ಒಂದು ಆಟೋದಲ್ಲಿ ಹಿಡಿಯುವಷ್ಟು ಎಂಬುದು ಗೊತ್ತಿದ್ದೂ ಈ ಪ್ರಶ್ನೆಯನ್ನು ನಮ್ಮ ಈ ವೇದಿಕೆಯಲ್ಲಿಯೇ ಕೇಳುತ್ತಿದ್ದೇನೆ. ಏಕೆಂದರೆ ತಂಪು ದೇಶದಲ್ಲಿ ಕುಳಿತವರು ಕೊಡುವ ಉತ್ತರ ಏಪ್ರಿಲ್ ತಿಂಗಳ ಬಳ್ಳಾರಿಗೆ ಒಗ್ಗುವುದಿಲ್ಲ.

ವಿಷಯ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ‘ಸ್ಲೀಪ್’ ತಂಡದ ‘ಡೋಪ್‌ಸ್ಮೋಕರ್’ ಆಲ್ಬಮ್ಮಿನದು. ಕೇಳದವರಿಗಾಗಿ ಎರಡು ಮಾತು ಹೇಳುತ್ತೇನೆ. ಈ ಆಲ್ಬಂ ಎಂದರೆ ಒಂದೇ ಹಾಡು, ಅದರ ಉದ್ದ 63 ನಿಮಿಷ 31 ಸೆಕೆಂಡು. ಬಾಸ್ ಮತ್ತು ಗಾಯನ ಆಲ್ ಸಿಸ್ನೆರೋಸ್, ಗಿಟಾರ್ ಮ್ಯಾಟ್ ಪೈಕ್, ಡ್ರಮ್ಸ್ ಕ್ರಿಸ್ ಹಾಕಿಯಸ್, ಮೂವರೇ. 1996ರಲ್ಲಿ ಬಿಲ್ಲಿ ಆ್ಯಂಡರ್ಸನ್ ಅವರ ಉಸ್ತುವಾರಿಯಲ್ಲಿ ಧ್ವನಿಮುದ್ರಣವಾಯಿತು, ಆದರೆ ಒಪ್ಪಂದ ಮಾಡಿಕೊಂಡಿದ್ದ ಲಂಡನ್ ರೆಕಾರ್ಡ್ಸ್ ಅದನ್ನು ಬಿಡುಗಡೆ ಮಾಡಲಿಲ್ಲ, ತಂಡವೂ ಒಡೆದುಹೋಯಿತು. 1999ರಲ್ಲಿ ‘ಜೆರುಸಲೆಂ’ ಎಂಬ ಹೆಸರಿನಲ್ಲಿ ಸುಮಾರು 52 ನಿಮಿಷಗಳ, ಆರು ಭಾಗಗಳೆಂದು ಗುರುತು ಮಾಡಿದ ರೂಪ ಹೊರಬಂದಿತು. ಪೂರ್ಣ ಉದ್ದದ ರೂಪವನ್ನು 2003ರಲ್ಲಿ ಟೀ ಪೀ ರೆಕಾರ್ಡ್ಸ್ ಪ್ರಕಟಿಸಿತು. 2012ರಲ್ಲಿ ಸದರ್ನ್ ಲಾರ್ಡ್ ಸಂಸ್ಥೆ ಬ್ರಾಡ್ ಬೋಟ್‌ರೈಟ್ ಅವರಿಂದ ಹೊಸದಾಗಿ ಮಾಸ್ಟರ್ ಮಾಡಿಸಿ (ಅಚ್ಚಿಗೆ ಮುನ್ನ ಸದ್ದಿನ ಕೊನೆಯ ಹದ ಮಾಡಿಸಿ), ಅರಿಕ್ ರೋಪರ್ ಬರೆದ ಹೊಸ ಮುಖಚಿತ್ರದೊಂದಿಗೆ ಮತ್ತೆ ತಂದಿತು. 2022ರಲ್ಲಿ ಥರ್ಡ್ ಮ್ಯಾನ್ ರೆಕಾರ್ಡ್ಸ್‌ನದು ಇನ್ನೊಂದು ಆವೃತ್ತಿ. ಹಾಡಿನ ಸಾಹಿತ್ಯ ಗಾಂಜಾ ಸೇದುವ ಯಾತ್ರಿಕರು ಮರುಭೂಮಿಯಲ್ಲಿ ಸಾಲುಗಟ್ಟಿ ನಡೆಯುವುದರ ಬಗ್ಗೆ. ಮನೆಯಲ್ಲಿ ಕೇಳಿದವರಿಗೆ ‘ಮರುಭೂಮಿಯ ಯಾತ್ರೆಯ ಹಾಡು’ ಎಂದಷ್ಟೇ ಹೇಳಿದ್ದೇನೆ, ಅದು ಸುಳ್ಳೇನೂ ಅಲ್ಲ.

ನನ್ನ ಬಳಿ 2012ರ ಎರಡು ತಟ್ಟೆಗಳ ಪ್ರೆಸ್ಸಿಂಗ್, ಅಂದರೆ ಆ ಸಲ ಅಚ್ಚೊತ್ತಿದ ಆವೃತ್ತಿ, ಇದೆ. ಈಗ ತಟ್ಟೆಗಳನ್ನು ಮಾರುವ ಕೊಳ್ಳುವ ಜಾಲತಾಣವಾದ ಡಿಸ್ಕಾಗ್ಸ್‌ನಲ್ಲಿ 2003ರ ಪ್ರತಿಯೊಂದು ಕಣ್ಣಿಗೆ ಬಿದ್ದಿದೆ. ಅದೇ ಹೊತ್ತಿಗೆ ಬೆಂಗಳೂರಿನ ಪರಿಚಿತರೊಬ್ಬರು ತಮ್ಮ ‘ಜೆರುಸಲೆಂ’ ತಟ್ಟೆಯನ್ನು ಕೊಡಲು ಮುಂದೆ ಬಂದಿದ್ದಾರೆ. ಜೀನ್ಸ್ ಹೊಲಿಗೆ ಘಟಕವೊಂದರಲ್ಲಿ ಲೆಕ್ಕ ಬರೆಯುವ ನನಗೆ ಈ ವರ್ಷ ಒಂದನ್ನು ಕೊಳ್ಳುವಷ್ಟೇ ಶಕ್ತಿ. ಕಡಲಾಚೆಯಿಂದ ಬಂದ ಕಳೆದ ಪಾರ್ಸೆಲ್ಲಿಗೆ ಸಾಗಣೆ, ಸುಂಕ ಎರಡೂ ಸೇರಿ ತಟ್ಟೆಯ ಬೆಲೆಗೆ ಸರಿಸಮ ಬಂದಿತ್ತು. ಯಾವುದನ್ನು ಕೊಳ್ಳಲಿ? ಅಥವಾ ಇದ್ದುದರಲ್ಲಿಯೇ ಸುಮ್ಮನಿರಲೇ?

ತೋರಣಗಲ್ಲು ಫಿಟ್ಟರ್

ಕೌಲ್‌ಬಜಾರ್ ಅವರೇ, ಕೊಳ್ಳುವ ಮಾತು ಆಮೇಲೆ. ಇಷ್ಟು ಉದ್ದದ ಹಾಡನ್ನು ತಟ್ಟೆಗೆ ಇಳಿಸುವಾಗ ಏನಾಗುತ್ತದೆ ಎಂಬುದನ್ನು ಮೊದಲು ನೋಡೋಣ, ಏಕೆಂದರೆ ಪ್ರೆಸ್ಸಿಂಗ್‌ಗಳ ನಡುವಿನ ವ್ಯತ್ಯಾಸ ಹುಟ್ಟುವುದೇ ಅಲ್ಲಿ.

12 ಇಂಚಿನ ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗ್ರೂವ್, ಅಂದರೆ ಹಾಡು ಕೆತ್ತಿದ ಸುರುಳಿ ಗೆರೆ, ಹಾದುಹೋಗುತ್ತದೆ. ಲೇಬಲ್ಲಿನ ಹತ್ತಿರ ಬರುವಷ್ಟರಲ್ಲಿ ಅದು 21 ಸೆಂಟಿಮೀಟರಿನ ಆಸುಪಾಸಿಗೆ ಇಳಿದಿರುತ್ತದೆ. ಅಂದರೆ ಬದಿಯ ಆರಂಭದಲ್ಲಿ ಕೈಕಾಲು ಚಾಚಿ ಕುಳಿತಿದ್ದ ಸದ್ದು ಕೊನೆಯಲ್ಲಿ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮುದುಡಿ ಕೂರಬೇಕು. ಕೊನೆಯ ನಿಮಿಷಗಳಲ್ಲಿ ಡ್ರಮ್ಸ್ ಜೊತೆಗಿನ ತಾಳದ ತಟ್ಟೆಗಳ (ಸಿಂಬಲ್) ಸದ್ದು ಮರಳು ಎರಚಿದಂತೆ ಕೇಳಿಸುವುದಕ್ಕೆ ಇದೇ ಕಾರಣ. ಇದರ ಮೇಲೆ ಈ ತಂಡದ್ದು ಪೂರ್ತಿ ಮಂದ್ರದ ಸಂಗೀತ. ಮಂದ್ರದ ಸದ್ದು ಕೆತ್ತುವ ಮೊನೆಯನ್ನು ಅಕ್ಕಪಕ್ಕಕ್ಕೆ ಜೋರಾಗಿ ಆಡಿಸುವುದರಿಂದ ಗ್ರೂವ್‌ಗಳ ನಡುವೆ ಹೆಚ್ಚು ಅಂತರ ಬೇಕಾಗುತ್ತದೆ. ಕೆತ್ತುವಾಗ ಮಂದ್ರವನ್ನು ತಗ್ಗಿಸಿ, ನುಡಿಸುವಾಗ ಫೋನೋ ಆಂಪ್ಲಿಫೈಯರಿನಲ್ಲಿ ಅಷ್ಟನ್ನೇ ಏರಿಸಿಕೊಳ್ಳುವ ಆರ್‌ಐಎಎ (ಅಮೆರಿಕದ ಧ್ವನಿಮುದ್ರಣ ಉದ್ಯಮ ಸಂಘ) ಪದ್ಧತಿ 1954ರಿಂದ ಇದೆ ನಿಜ. ಆದರೂ ಒಂದು ಬದಿಗೆ ಸುಮಾರು 20 ನಿಮಿಷ ದಾಟಿತೆಂದರೆ ಕೆತ್ತುವವನು ಒಟ್ಟು ಸದ್ದನ್ನೇ ತಗ್ಗಿಸಬೇಕು, ಇಲ್ಲವೇ ಮಂದ್ರವನ್ನು ಇನ್ನಷ್ಟು ಕತ್ತರಿಸಬೇಕು.

ಈಗ ಲೆಕ್ಕ ಹಾಕಿ. 63 ನಿಮಿಷವನ್ನು ಮೂರು ಬದಿಗೆ ಹಂಚಿದರೆ ಬದಿಗೆ 21 ನಿಮಿಷ, ಹೇಗೋ ಹಿಡಿಯುತ್ತದೆ, ನಾಲ್ಕನೆಯ ಬದಿ ಬೇರೆ ಹಾಡಿಗೆ ಉಳಿಯುತ್ತದೆ. 52 ನಿಮಿಷವನ್ನು ಒಂದೇ ತಟ್ಟೆಗೆ ಅಳವಡಿಸಿದರೆ ಬದಿಗೆ 26 ನಿಮಿಷ. ಇಂಥ ಸಂಗೀತಕ್ಕೆ ಅದು ಇಕ್ಕಟ್ಟು. ತೂಕ 140 ಗ್ರಾಮೋ 180 ಗ್ರಾಮೋ ಎಂಬುದು ಇದರ ಮುಂದೆ ಲೆಕ್ಕಕ್ಕಿಲ್ಲ. ಗ್ರೂವಿನ ಆಳ ಎರಡರಲ್ಲೂ ಒಂದೇ. ದಪ್ಪ ತಟ್ಟೆ ಕೈಗೆ ಘನವಾಗಿರುತ್ತದೆ, ಅಷ್ಟೇ.

ಇನ್ನೊಂದು ಮಾತು. ಉಕ್ಕಿನ ಕಾರ್ಖಾನೆಯಲ್ಲಿ ರೋಲುಗಳಿಗೆ ಕ್ರೋಮಿಯಂ ಲೇಪ ಹಾಕುವುದನ್ನು ದಿನವೂ ನೋಡುವ ನನಗೆ ಎಲ್‌ಪಿ ತಯಾರಿಕೆಯಲ್ಲಿ ಅತ್ಯಂತ ಸೊಗಸಾಗಿ ಕಾಣುವುದು ಲೋಹಲೇಪನದ ಹಂತ. ಮೆರುಗೆಣ್ಣೆಯಂಥ ಲ್ಯಾಕರ್ ಹಚ್ಚಿದ ತಟ್ಟೆಯ ಮೇಲೆ ಹಾಡನ್ನು ಕೆತ್ತಿ, ಅದಕ್ಕೆ ಬೆಳ್ಳಿಯ ತೆಳು ಪದರ ಕೊಟ್ಟು, ನಿಕಲ್ ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ ನಿಕಲ್ ಬೆಳೆಸುತ್ತಾರೆ. ಅದನ್ನು ಬಿಡಿಸಿದರೆ ಉಬ್ಬು ಅಚ್ಚು, ಅದರಿಂದ ‘ತಾಯಿ’, ತಾಯಿಯಿಂದ ಪ್ಲಾಸ್ಟಿಕ್ಕನ್ನು ಒತ್ತುವ ಸ್ಟ್ಯಾಂಪರ್. ಸ್ಟ್ಯಾಂಪರ್ ಸವೆದಂತೆ ಬದಲಾಯಿಸುತ್ತಾರೆ. ಆದ್ದರಿಂದ ಒಂದೇ ವರ್ಷದ ಎರಡು ಪ್ರತಿಗಳೂ ಒಂದೇ ಎನ್ನಲಾಗದು. ಮುಖಚಿತ್ರ ನೋಡಿ ಪ್ರೆಸ್ಸಿಂಗ್ ಗುರುತಿಸುವವರು ಮೋಸ ಹೋಗುತ್ತಾರೆ. ಹಾಡು ಮುಗಿದ ಮೇಲೆ ಲೇಬಲ್ಲಿನವರೆಗೆ ಉಳಿಯುವ ನುಣುಪು ಜಾಗದಲ್ಲಿ ಗೀಚಿರುವ ಮ್ಯಾಟ್ರಿಕ್ಸ್ ಸಂಖ್ಯೆಯೇ ಅದರ ಜಾತಕ.

ಮಾನ್ವಿ ಮಾಸ್ತರ

ಹೊರಗಿನವನ ಪ್ರಶ್ನೆಗೆ ಕ್ಷಮೆಯಿರಲಿ. ಮಗ ತೋರಿಸಿದ್ದರಿಂದ ಈ ಚರ್ಚೆಯನ್ನು ಓದಿದೆ. ಅದೇ ಹಾಡು, ಅದೇ ಮೂವರು, ಅದೇ ದಿನಗಳ ಧ್ವನಿಮುದ್ರಣ. ಫೋನಿನಲ್ಲಿ ಬಿಟ್ಟಿಯಾಗಿ ಕೇಳಿಸುತ್ತದೆ. ಒಂದೇ ಪುಸ್ತಕದ ನಾಲ್ಕು ಪ್ರತಿ ಕೊಂಡು ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದವನನ್ನು ನಾವು ಓದುಗ ಎನ್ನುವುದಿಲ್ಲ, ಪುಸ್ತಕದ ಅಂಗಡಿಯವನು ಎನ್ನುತ್ತೇವೆ. ಅದಲ್ಲದೆ ಒಂದು ಗಂಟೆಯ ಒಂದೇ ಹಾಡು ಕೇಳುವ ತಾಳ್ಮೆ ನಿಜವಾಗಿಯೂ ಯಾರಿಗಾದರೂ ಇದೆಯೇ?

ಕೌಲ್‌ಬಜಾರ್ ಕೇಳುಗ, ಬಳ್ಳಾರಿ

ಮಾಸ್ತರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ರಾತ್ರಿ ಆರಂಭವಾಗಿ ಬೆಳಕು ಹರಿಯುವವರೆಗೆ ಬಯಲಾಟ ನೋಡುವ ಸೀಮೆಯವರು ನಾವು. ಒಂದು ಗಂಟೆ ನಮಗೆ ಹೆಚ್ಚಾಗಬಾರದು. ಈ ಹಾಡಿನಲ್ಲಿ ಗಿಟಾರಿನ ಒಂದೇ ವರಸೆ ಎಷ್ಟೋ ಹೊತ್ತು ಮರಳಿ ಮರಳಿ ಬರುತ್ತದೆ. ಮೊದಲ ಹತ್ತು ನಿಮಿಷ ಕಿವಿ ಜಗಳವಾಡುತ್ತದೆ, ಆಮೇಲೆ ಡ್ರಮ್ಮಿನ ಒಂದು ಹೆಚ್ಚಿನ ಪೆಟ್ಟು ಕೂಡ ದೊಡ್ಡ ಘಟನೆಯಂತೆ ಕೇಳಿಸತೊಡಗುತ್ತದೆ.

ಫೋನಿನಲ್ಲಿ ಅದು ತಡೆಯಿಲ್ಲದೆ ಹರಿಯುತ್ತದೆ ಎಂಬುದು ನಿಜ, ಹಾಗೆ ನೋಡಿದರೆ ಈ ಹಾಡಿಗೆ ಎಲ್‌ಪಿಯಷ್ಟು ಅನನುಕೂಲವಾದ ರೂಪ ಇನ್ನೊಂದಿಲ್ಲ. ನಡುವೆ ಎರಡು ಸಲ ಎದ್ದು ತಟ್ಟೆ ತಿರುವಬೇಕು. ಆದರೆ ಎದ್ದು ಹೋಗಿ, ಮುಳ್ಳನ್ನು ಎತ್ತಿ, ಬದಿ ಬದಲಿಸಿ, ಧೂಳು ಒರೆಸಿ, ಮತ್ತೆ ಮುಳ್ಳು ಇಳಿಸುವ ಆ ಅರ್ಧ ನಿಮಿಷದ ಮೌನದಲ್ಲಿ ಅದುವರೆಗೆ ಎಷ್ಟು ಸದ್ದಿನೊಳಗೆ ಕುಳಿತಿದ್ದೆ ಎಂಬುದು ಗೊತ್ತಾಗುತ್ತದೆ. ನನಗೆ ಅದು ಹಾಡಿನ ಭಾಗವೇ ಆಗಿಬಿಟ್ಟಿದೆ. ಇದು ವಾದವಲ್ಲ, ಅಭ್ಯಾಸ. ನಾಲ್ಕು ಪ್ರತಿಗಳ ಬಗ್ಗೆ ನೀವು ಹೇಳಿದ್ದು ಮಾತ್ರ ಚುಚ್ಚಿತು, ಅದಕ್ಕೆ ನನ್ನ ಬಳಿ ಇನ್ನೂ ಉತ್ತರವಿಲ್ಲ.

ಮೈಕ್‌ಸೆಟ್ ಮೊಮ್ಮಗ, ಕೊಪ್ಪಳ

ಈ ಆಲ್ಬಮ್ಮಿನ ವಿಷಯದಲ್ಲಿ ನನಗಾದ ಅವಮಾನವನ್ನು ಇಲ್ಲಿ ಒಪ್ಪಿಸಿಬಿಡುತ್ತೇನೆ, ಬೇರೆಯವರಿಗಾದರೂ ಉಪಯೋಗವಾಗಲಿ.

ನಮ್ಮ ಅಜ್ಜನದು ಮೈಕ್‌ಸೆಟ್ ಅಂಗಡಿ. ಮದುವೆ, ಜಾತ್ರೆ, ಊರ ನಾಟಕ, ಎಲ್ಲಕ್ಕೂ ಹಾರ್ನು, ಆಂಪ್ಲಿಫೈಯರ್, ಪ್ಲೇಟು ಹಾಕುವ ಪೆಟ್ಟಿಗೆ ಬಾಡಿಗೆಗೆ ಕೊಡುತ್ತಿದ್ದರು. ಪ್ಲೇಟುಗಳ ಹುಚ್ಚು ಅಲ್ಲಿಂದ ಬಂದದ್ದು. ಕೆಲವು ವರ್ಷಗಳ ಹಿಂದೆ ಅಮೆರಿಕದಿಂದ ಮರಳಿದ ಕುಟುಂಬವೊಂದು ಮಾರಿದ ಬೆಲ್ಟಿನ ಟರ್ನ್‌ಟೇಬಲ್ ಅಗ್ಗಕ್ಕೆ ಸಿಕ್ಕಿತು. 110 ವೋಲ್ಟಿನದೆಂದು ಟ್ರಾನ್ಸ್‌ಫಾರ್ಮರ್ ಸೇರಿಸಿದೆ, ತಿರುಗಿತು, ಖುಷಿಪಟ್ಟೆ. ಆದರೆ ಟ್ರಾನ್ಸ್‌ಫಾರ್ಮರ್ ಬದಲಾಯಿಸುವುದು ವೋಲ್ಟನ್ನು ಮಾತ್ರ. ಅಲ್ಲಿಯ ವಿದ್ಯುತ್ತು 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಆವರ್ತನ, ನಮ್ಮದು 50. ಸಿಂಕ್ರೋನಸ್ ಮೋಟಾರು ಹರ್ಟ್ಸ್ ನೋಡಿ ಓಡುತ್ತದೆ. 33⅓ ಸುತ್ತು ಹೊಡೆಯಬೇಕಾದ ತಟ್ಟೆ ನಮ್ಮ ಮನೆಯಲ್ಲಿ 28 ಸುತ್ತನ್ನೂ ಮುಟ್ಟುತ್ತಿರಲಿಲ್ಲ.

ಬೇರೆ ಯಾವ ತಂಡದ ತಟ್ಟೆಯಾಗಿದ್ದರೂ ಮೊದಲ ನಿಮಿಷದಲ್ಲಿ ತಿಳಿಯುತ್ತಿತ್ತು. ನಾನು ಹಾಕುತ್ತಿದ್ದದ್ದು ‘ಡೋಪ್‌ಸ್ಮೋಕರ್’. ಮೊದಲೇ ಆನೆ ನಡೆದಂತೆ ನಡೆಯುವ ಹಾಡು. ಇನ್ನೂ ನಿಧಾನವಾದರೆ ಇನ್ನೂ ಘನವಾಗಿ ಕೇಳಿಸಿತೇ ಹೊರತು ತಪ್ಪೆನಿಸಲಿಲ್ಲ. ನಾಲ್ಕು ತಿಂಗಳು 63 ನಿಮಿಷದ ಹಾಡನ್ನು 76 ನಿಮಿಷ ಕೇಳಿದೆ, ‘ಡಿಜಿಟಲ್‌ನಲ್ಲಿ ಈ ತೂಕ ಎಲ್ಲಿದೆ’ ಎಂದು ಗೆಳೆಯರ ಮುಂದೆ ಭಾಷಣವನ್ನೂ ಮಾಡಿದೆ. ಒಂದು ದಿನ ನಮ್ಮ ಅತ್ತೆ ಬಂದಾಗ ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ಹಾಕಿದೆ. ಅತ್ತೆ ಚಹದ ಕಪ್ಪು ಕೆಳಗಿಟ್ಟು, ‘ಯಾರಪ್ಪಾ ಇವರು? ಮನ್ಸೂರರಂತೂ ಅಲ್ಲ’ ಎಂದರು.

ಸಿಂಧನೂರು ಸ್ವರ

ಮೊಮ್ಮಗ ಅವರೇ, ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ವೇಗ ಆರರಲ್ಲಿ ಐದು ಪಾಲಿಗೆ ಇಳಿದರೆ ಶ್ರುತಿ ಮೂರು ಸ್ವರಸ್ಥಾನಗಳಿಗಿಂತ ತುಸು ಹೆಚ್ಚೇ ಇಳಿಯುತ್ತದೆ, ಅಂದರೆ ಹಾಡುವವರ ಷಡ್ಜ ಮಂದ್ರದ ಧೈವತಕ್ಕೆ ಹೋಗಿ ಕೂರುತ್ತದೆ. ಸಂಗೀತ ಕಲಿಸುವವಳಾಗಿ ನನ್ನ ಸಲಹೆ ಸರಳ: ಹೊಸ ಟರ್ನ್‌ಟೇಬಲ್ ಬಂದ ದಿನ ಮೆಟಲ್ ಹಾಕಬೇಡಿ, ನಿಮಗೆ ಚೆನ್ನಾಗಿ ಗೊತ್ತಿರುವ ಧ್ವನಿಯೊಂದನ್ನು ಹಾಕಿ. ಶ್ರುತಿಪೆಟ್ಟಿಗೆಯ ಜೊತೆಗೆ ತಾಳೆ ನೋಡಿದರೆ ಇನ್ನೂ ಒಳ್ಳೆಯದು.

ಮೈಕ್‌ಸೆಟ್ ಮೊಮ್ಮಗ, ಕೊಪ್ಪಳ

ಈಗ ಕ್ವಾರ್ಟ್ಸ್ ನಿಯಂತ್ರಣದ ಡೈರೆಕ್ಟ್ ಡ್ರೈವ್ (ಬೆಲ್ಟಿಲ್ಲದೆ ಮೋಟಾರೇ ನೇರವಾಗಿ ತಿರುಗಿಸುವ) ಟರ್ನ್‌ಟೇಬಲ್ ತೆಗೆದುಕೊಂಡಿದ್ದೇನೆ ಅಕ್ಕ, ಅದು ಹರ್ಟ್ಸ್‌ನ ಹಂಗಿನಲ್ಲಿಲ್ಲ. ಕರೆಂಟ್ ಹೋದಾಗ ಅಗ್ಗದ ಸ್ಕ್ವೇರ್‌ವೇವ್ ಇನ್ವರ್ಟರಿನಲ್ಲಿ ಮಾತ್ರ ನುಡಿಸಬೇಡಿ, ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಟ್ಟುವಿಕೆ ಸ್ಪೀಕರಿನಲ್ಲಿ ಬರುತ್ತದೆ. ಈ ಆಲ್ಬಮ್ಮಿನಲ್ಲಿ ಅದನ್ನೂ ಗಿಟಾರ್ ಎಂದುಕೊಳ್ಳುವ ಅಪಾಯವಿದೆ.

ರಾಯಚೂರು ಬಿಸಿಲು

ನೀವೆಲ್ಲ ಕೊಳ್ಳುವ ಮಾತಾಡುತ್ತಿದ್ದೀರಿ, ನಾನು ಉಳಿಸಿಕೊಳ್ಳುವ ಮಾತಾಡುತ್ತೇನೆ. ಎಲ್‌ಪಿ ಪಿವಿಸಿ ಪ್ಲಾಸ್ಟಿಕ್ಕಿನದು. ನಮ್ಮ ಮೇ ತಿಂಗಳ 43–44 ಡಿಗ್ರಿಯಲ್ಲಿ ನೆರಳಿನ ಕೋಣೆಯೊಳಗೆ ಸೆಟೆದು ನಿಲ್ಲಿಸಿದ ತಟ್ಟೆಗೆ ಏನೂ ಆಗುವುದಿಲ್ಲ. ಆದರೆ ಒಂದರ ಮೇಲೊಂದು ಮಲಗಿಸಿದರೆ, ಓರೆಯಾಗಿ ಒರಗಿಸಿದರೆ, ಇಲ್ಲವೇ ಬಿಸಿಲಿಗೆ ನಿಂತ ಕಾರಿನ ಹಿಂದಿನ ಸೀಟಿನಲ್ಲಿ ಬಿಟ್ಟರೆ ಅದು ಎದ್ದ ಹಪ್ಪಳದಂತೆ ಸೊಟ್ಟಗಾಗುತ್ತದೆ. ನನಗೆ ಬಂದ ಪಾರ್ಸೆಲ್ಲೊಂದು ಏಪ್ರಿಲ್ಲಿನಲ್ಲಿ ಎಲ್ಲಿಯೋ ಎರಡು ದಿನ ಬಿಸಿಲಿನಲ್ಲಿ ಉಳಿದಿರಬೇಕು. ಬಿಚ್ಚಿ ತಿರುಗಿಸಿದರೆ ಅಂಚು ಮೂರು ಮಿಲಿಮೀಟರಿನಷ್ಟು ಏಳುತ್ತ ಬೀಳುತ್ತ ಇತ್ತು, ಮುಳ್ಳಿನ ತೋಳು ತೆಪ್ಪದಂತೆ ತೇಲುತ್ತಿತ್ತು. ಮಾರಿದವರು ‘ಕಳಿಸುವಾಗ ಸರಿಯಿತ್ತು’ ಎಂದರು. ಅವರ ಮಾತು ನಿಜವೇ ಇರಬೇಕು, ಆದರೆ ಹಣ ಹೋದದ್ದು ನನ್ನದು. ಅಂದಿನಿಂದ ಮಾರ್ಚ್‌ನಿಂದ ಜೂನ್‌ವರೆಗೆ ನಾನು ಏನನ್ನೂ ತರಿಸುವುದಿಲ್ಲ.

ಎರಡನೆಯದು ಕೂಲರ್. ನಮ್ಮ ಊರಿನಲ್ಲಿ ಕೂಲರ್ ಇಲ್ಲದೆ ಬೇಸಿಗೆಯಿಲ್ಲ. ನಾನು ತಟ್ಟೆಗಳಿಗೂ ತಂಪಾಗಲೆಂದು ಕಪಾಟನ್ನು ಕೂಲರಿಗೆ ಎದುರಾಗಿ ಇಟ್ಟಿದ್ದೆ. ಎರಡು ತಿಂಗಳಲ್ಲಿ ಮುಖಚಿತ್ರಗಳ ರಟ್ಟು ಅಲೆಯಲೆಯಾಗಿ ಉಬ್ಬಿತು, ಒಳಗಿನ ಕಾಗದದ ಚೀಲಗಳಿಗೆ ಬೂಷ್ಟು ಹಿಡಿಯಿತು. ತಟ್ಟೆಗೆ ಬಿಸಿಯೇ ಶತ್ರು ಎಂದುಕೊಂಡವನಿಗೆ ರಟ್ಟಿಗೆ ನೀರು ಶತ್ರು ಎಂಬುದು ಹೊಳೆದಿರಲಿಲ್ಲ. ಹಾಗೆಂದು ತೀರಾ ಒಣ ಹವೆಯೂ ಒಳ್ಳೆಯದಲ್ಲ. ಫೆಬ್ರವರಿಯ ಒಣ ಗಾಳಿಯಲ್ಲಿ ಚೀಲದಿಂದ ತಟ್ಟೆ ಎಳೆದರೆ ಚಟಪಟ ಎನ್ನುತ್ತದೆ, ಆ ಸ್ಥಿರವಿದ್ಯುತ್ತು ಕೋಣೆಯ ಧೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ. ಕಾಗದದ ಚೀಲ ತೆಗೆದು ಪಾಲಿಥಿನ್ ಒಳಪದರವಿರುವ ಚೀಲ ಹಾಕಿ. ಸೊಂಡೂರು ಕಡೆಯ ಅದಿರಿನ ಕೆಂಧೂಳು ಬರುವ ಮನೆಯವರು ಪ್ರತಿ ಬದಿಗೂ ಮೊದಲು ಕಾರ್ಬನ್ ನಾರಿನ ಬ್ರಷ್ ಆಡಿಸಲೇಬೇಕು, ಅದು ಗ್ರೂವಿನಲ್ಲಿ ಕುಳಿತು ಮುಳ್ಳನ್ನು ಅರದಂತೆ ತಿನ್ನುತ್ತದೆ. ಕೊಳೆ ಹೆಚ್ಚಿದ್ದರೆ ಡಿಸ್ಟಿಲ್ಡ್ ನೀರಿಗೆ ಸ್ವಲ್ಪ ಐಸೊಪ್ರೊಪೈಲ್ ಸ್ಪಿರಿಟ್ ಸೇರಿಸಿ ಒರೆಸುತ್ತೇನೆ.

ಮೈಕ್‌ಸೆಟ್ ಮೊಮ್ಮಗ, ಕೊಪ್ಪಳ

ರಾಯಚೂರಿನ ಅಣ್ಣಾವ್ರೇ, ಆ ಕೊನೆಯ ಸಾಲಿಗೆ ಒಂದು ಎಚ್ಚರಿಕೆ ಸೇರಿಸಲೇಬೇಕು. ಸ್ಪಿರಿಟ್ ಎಲ್‌ಪಿಗೆ ಮಾತ್ರ. ಅಜ್ಜನ ಹಳೆಯ 78 ಸುತ್ತಿನ ಪ್ಲೇಟುಗಳು ಅರಗಿನವು, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ನನಗೆ ಇದು ಗೊತ್ತಿರಲಿಲ್ಲ. ಎಲ್‌ಪಿ ಒರೆಸಿದ ಉತ್ಸಾಹದಲ್ಲಿ ಅಜ್ಜನ ಒಂದು ರಂಗಗೀತೆಯ ಪ್ಲೇಟಿಗೂ ಹತ್ತಿ ಅದ್ದಿ ಉಜ್ಜಿದೆ. ಬಿಳಿ ಹತ್ತಿ ಕಾಫಿಯ ಬಣ್ಣಕ್ಕೆ ತಿರುಗಿತು. ಕೊಳೆ ಬಿಡುತ್ತಿದೆ ಎಂದುಕೊಂಡು ಇನ್ನಷ್ಟು ಉಜ್ಜಿದೆ. ಬಿಡುತ್ತಿದ್ದದ್ದು ಹಾಡು. ಅಜ್ಜ ಬೈಯಲಿಲ್ಲ, ‘ಅರಗಿನ ಮನೆಗೆ ಬೆಂಕಿ ಹಚ್ಚಿದಿ’ ಎಂದಷ್ಟೇ ಹೇಳಿ ಒಳಗೆ ಹೋದರು.

ಮಾನ್ವಿ ಮಾಸ್ತರ

ನನ್ನ ಮೊದಲ ಬರಹದ ಧಾಟಿ ಸರಿಯಿರಲಿಲ್ಲ, ಅದನ್ನು ತಿದ್ದಿಕೊಳ್ಳಲು ಬಂದೆ. ಮಗ ಈ ಹಾಡಿನ ಎರಡೂ ರೂಪಗಳನ್ನು ಹತ್ತು ಹತ್ತು ನಿಮಿಷ ಕೇಳಿಸಿದ. ಸಂಗೀತ ನನಗೆ ಒಗ್ಗಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ 63 ನಿಮಿಷದ ಒಂದು ರೂಪ, 52 ನಿಮಿಷದ ಇನ್ನೊಂದು ರೂಪ ಎಂದ ಕೂಡಲೇ ನನಗೆ ಪರಿಚಿತವಾದ ಒಂದು ಸಮಸ್ಯೆ ಎದುರಿಗೆ ಬಂದು ನಿಂತಿತು.

ನಮ್ಮ ಮಾನ್ವಿ ಜಗನ್ನಾಥದಾಸರ ಊರು. ದಾಸರ ಕೀರ್ತನೆಗಳನ್ನು ಸಂಪಾದಿಸುವವರು ಒಂದೇ ಹಾಡಿನ ಹಲವು ಹಸ್ತಪ್ರತಿಗಳನ್ನು ಮುಂದಿಟ್ಟುಕೊಳ್ಳುತ್ತಾರೆ. ಒಂದರಲ್ಲಿ ಐದು ನುಡಿ ಇದ್ದರೆ ಇನ್ನೊಂದರಲ್ಲಿ ಏಳು. ಒಂದರಲ್ಲಿರುವ ಮಾತು ಇನ್ನೊಂದರಲ್ಲಿ ಬೇರೆಯಾಗಿರುತ್ತದೆ. ಅದನ್ನು ಪಾಠಾಂತರ ಎನ್ನುತ್ತೇವೆ. ಅಲ್ಲಿ ನಾಲ್ಕು ಪ್ರತಿ ಇಟ್ಟುಕೊಂಡವನನ್ನು ಯಾರೂ ಅಂಗಡಿಯವನು ಎನ್ನುವುದಿಲ್ಲ. ಆದರೆ ಸಂಪಾದಕ ಎಲ್ಲ ಪ್ರತಿಗಳಿಗೂ ಒಂದೇ ಬೆಲೆ ಕೊಡುವುದಿಲ್ಲ. ಒಂದು ಪ್ರತಿ ಇನ್ನೊಂದರ ನೇರ ನಕಲು ಎಂದು ತಿಳಿದರೆ, ಅದು ಎಷ್ಟೇ ಮುದ್ದಾದ ಅಕ್ಷರದಲ್ಲಿದ್ದರೂ ಪಕ್ಕಕ್ಕಿಡುತ್ತಾನೆ. ಕೌಲ್‌ಬಜಾರಿನವರೇ, ನಿಮ್ಮ ತಟ್ಟೆಗಳಲ್ಲಿ ಪಾಠಾಂತರ ಯಾವುದು, ಬರೀ ಹೊದಿಕೆ ಬದಲಾದ ನಕಲು ಯಾವುದು? ಅದನ್ನು ಹೇಳಿದರೆ ಕೊಳ್ಳಬೇಕಾದದ್ದು ಯಾವುದೆಂಬುದನ್ನು ನಾನೂ ಹೇಳಬಲ್ಲೆ.

ರಾಯಚೂರು ಬಿಸಿಲು

ಮಾಸ್ತರ್ ಮಾತು ಚೆನ್ನಾಗಿದೆ, ಆದರೆ ಕಪ್ಪಿನ ಬದಲು ಬಣ್ಣದಲ್ಲಿ ಒತ್ತಿದ ತಟ್ಟೆಗಳನ್ನು ನಕಲು ಎಂದು ತಳ್ಳಿಬಿಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಹಸಿರು ತಟ್ಟೆಯೊಂದು ತಿರುಗುವಾಗ ನೋಡುವ ಸುಖ ಬೇರೆ. ಸಂಗ್ರಹ ಎಂಬುದು ಸಂಪಾದನೆ ಮಾತ್ರ ಅಲ್ಲವಲ್ಲ.

ತೋರಣಗಲ್ಲು ಫಿಟ್ಟರ್

ಸುಖ ಇರಲಿ, ತಕರಾರಿಲ್ಲ. ಒಂದೇ ಸ್ಟ್ಯಾಂಪರಿನಿಂದ ಒತ್ತಿದ ಕಪ್ಪು ತಟ್ಟೆಗೂ ಹಸಿರು ತಟ್ಟೆಗೂ ಪಾಠ ಒಂದೇ. ಮಾಸ್ತರ್ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ.

2003 ಮತ್ತು 2012ರ ತಟ್ಟೆಗಳಲ್ಲಿ ಹಾಡು ಒಂದೇ, ಮಾಸ್ಟರಿಂಗ್ ಬೇರೆ. ಅಂದರೆ ಅಕ್ಷರ ಒಂದೇ, ಕೈಬರಹ ಬೇರೆ. ಯಾವ ವಾದ್ಯ ಮುಂದೆ ಬಂದಿದೆ, ಮಂದ್ರ ಎಷ್ಟು ಬಿಗಿಯಾಗಿದೆ ಎಂಬ ವ್ಯತ್ಯಾಸ ಕೇಳಿಸುತ್ತದೆ. ಜೊತೆಗೆ ಸೇರಿಸಿದ ಹಾಡೂ ಬೇರೆ: 2003ರದರಲ್ಲಿ ‘ಸಾನಿಕ್ ಟೈಟನ್’, 2012ರದರಲ್ಲಿ ‘ಹೋಲಿ ಮೌಂಟನ್’, ಎರಡೂ ವೇದಿಕೆಯಲ್ಲಿ ನುಡಿಸಿದವು. ‘ಜೆರುಸಲೆಂ’ ಮಾತ್ರ ನಿಜವಾದ ಪಾಠಾಂತರ, ಹನ್ನೊಂದು ನಿಮಿಷಕ್ಕೂ ಮಿಗಿಲಾದ ಸಂಗೀತ ಅದರಲ್ಲಿ ಇಲ್ಲ. ಹಾಗೆಂದು ಅದನ್ನೇ ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಧ್ವನಿಯ ದೃಷ್ಟಿಯಿಂದ ಬದಿಗೆ 21 ನಿಮಿಷವಿರುವುದೇ ಮೇಲು, ನನ್ನ ಮತ 2003ಕ್ಕೆ. ಯಾವುದನ್ನು ಕೊಂಡರೂ ಹಣ ಕೊಡುವ ಮೊದಲು ಮ್ಯಾಟ್ರಿಕ್ಸ್ ಸಂಖ್ಯೆ ಇರುವ ಆ ನುಣುಪು ಜಾಗದ ಫೋಟೋ ಕೇಳಿ. ಓರೆ ಬೆಳಕಿನಲ್ಲಿ, ಎಲ್ಲ ಬದಿಗಳದ್ದೂ. ಈ ಬಗೆಯ ಬೇಡಿಕೆಯ ಆಲ್ಬಂಗಳಿಗೆ ಸಿಡಿಯಿಂದ ಎತ್ತಿ ಒತ್ತಿದ ಕಳ್ಳ ಪ್ರತಿಗಳ ಕಾಟ ಇದ್ದೇ ಇರುತ್ತದೆ, ಫೋಟೋ ಕೊಡಲು ಹಿಂದೆಮುಂದೆ ನೋಡುವವರನ್ನು ಬಿಟ್ಟುಬಿಡಿ.

ಸೆಕೆಂಡ್‌ಹ್ಯಾಂಡ್ ಪ್ರತಿಗಳ ಬೆಲೆ ಇಳಿಯಲಿ ಎಂದು ಕಾಯುವವರಿಗೂ ಒಂದು ಮಾತು. 2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಬ್ಯಾನಿಂಗ್ ಎಂಬಲ್ಲಿ ಅಪೋಲೊ ಮಾಸ್ಟರ್ಸ್ ಕಾರ್ಖಾನೆ ಸುಟ್ಟುಹೋಯಿತು. ಲ್ಯಾಕರ್ ತಟ್ಟೆ ತಯಾರಿಸುವವರು ಜಗತ್ತಿನಲ್ಲಿ ಇದ್ದದ್ದೇ ಇಬ್ಬರು, ಅವರಲ್ಲಿ ಒಬ್ಬರು ಹೋದರು, ಉಳಿದದ್ದು ಜಪಾನಿನ ಎಂಡಿಸಿ. ಹೊಸದಾಗಿ ಕೆತ್ತಿಸುವುದು ಅಂದಿನಿಂದ ಸುಲಭದ ಮಾತಾಗಿ ಉಳಿದಿಲ್ಲ.

ಕೌಲ್‌ಬಜಾರ್ ಕೇಳುಗ, ಬಳ್ಳಾರಿ

ಎಲ್ಲರಿಗೂ ಕೃತಜ್ಞತೆಗಳು. ಫಿಟ್ಟರ್ ಅವರು ಹೇಳಿದಂತೆ ಇಬ್ಬರಿಗೂ ಫೋಟೋ ಕೇಳಿದೆ. 2003ರ ಪ್ರತಿಯ ಮಾರಾಟಗಾರರು ಮುಖಚಿತ್ರದ ಫೋಟೋವನ್ನೇ ಮೂರು ಕೋನಗಳಿಂದ ತೆಗೆದು ಕಳಿಸಿದರು. ಮತ್ತೆ ಕೇಳಿದ್ದಕ್ಕೆ ಉತ್ತರವಿಲ್ಲ. ಬೆಂಗಳೂರಿನವರು ಎಲ್ಲ ಬದಿಗಳದ್ದೂ ಕಳಿಸಿದರು. ನಮ್ಮ ಘಟಕದಲ್ಲಿ ಜೀನ್ಸ್ ಬಟ್ಟೆಯ ಎಳೆ ಎಣಿಸುವ ಪುಟ್ಟ ಮಡಿಚುವ ಭೂತಗನ್ನಡಿಯೊಂದಿದೆ; ಅದನ್ನು ಮೊದಲು ನನ್ನ 2012ರ ತಟ್ಟೆಯ ಮೇಲಿಟ್ಟು ನೋಡಿದೆ. ಬರಿಗಣ್ಣಿಗೆ ಕೂದಲಿನಂತೆ ಕಾಣುತ್ತಿದ್ದ ಗೀಚು ಅದರ ಕೆಳಗೆ ಒಬ್ಬ ಮನುಷ್ಯ ಕೈಯಾರೆ ಬರೆದ ಅಕ್ಷರಗಳಾಗಿ ಎದ್ದು ಬಂದಿತು, ಒಂದು ಅಂಕಿಯನ್ನು ತಪ್ಪು ಬರೆದು ಹೊಡೆದುಹಾಕಿದ್ದು ಕೂಡ. ಇಷ್ಟು ವರ್ಷ ಇದೇ ತಟ್ಟೆಯನ್ನು ಕೈಯಲ್ಲಿ ಹಿಡಿದಿದ್ದರೂ ಅದನ್ನು ನೋಡಿರಲಿಲ್ಲ.

ನಾನು ‘ಜೆರುಸಲೆಂ’ ಕೊಳ್ಳುತ್ತಿದ್ದೇನೆ. ಫಿಟ್ಟರ್ ಅವರ ಇಕ್ಕಟ್ಟಿನ ವಾದವನ್ನು ಒಪ್ಪಿಯೇ ಕೊಳ್ಳುತ್ತಿದ್ದೇನೆ. ನನ್ನ ಬಳಿ ಪೂರ್ಣಪಾಠ ಈಗಾಗಲೇ ಇದೆ. ಅದನ್ನೇ ಇನ್ನೊಂದು ಕೈಬರಹದಲ್ಲಿ ಕೊಳ್ಳುವುದಕ್ಕಿಂತ, ಎಲ್ಲಿ ಏನನ್ನು ಬಿಟ್ಟಿದ್ದಾರೆಂದು ಕೇಳಿ ತಿಳಿಯುವುದು ನನಗೆ ಹೆಚ್ಚಿನ ಲಾಭವೆನಿಸಿತು. ಸದ್ದು ತೆಳುವಾಗಿದ್ದರೆ ತೆಳುವಾಗಿರಲಿ. ಹಸ್ತಪ್ರತಿಗೆ ಗೆದ್ದಲು ಹಿಡಿದಿದ್ದರೂ ಸಂಪಾದಕ ಬಿಡುವುದಿಲ್ಲವಲ್ಲ ಮಾಸ್ತರೇ.

ಬಿಸಿಲಿನ ಭಯಕ್ಕೆ ಕೊರಿಯರ್ ಬೇಡವೆಂದೆ. ನಮ್ಮ ಘಟಕದ ಹುಡುಗನೊಬ್ಬ ಬೆಂಗಳೂರಿನಿಂದ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬರುವವನಿದ್ದ. ಅವನ ಕೈಗೆ ಕೊಡಿಸಿದೆ. ಬೆಳಗಿನ ತಂಪಿನಲ್ಲಿ ಸ್ಟೇಷನ್ನಿಗೆ ಹೋಗಿ ತೆಗೆದುಕೊಂಡೆ. ಎರಡು ರಟ್ಟಿನ ನಡುವೆ ಕಟ್ಟಿ, ಬರ್ತಿನಲ್ಲಿ ಗೋಡೆಗೆ ಒತ್ತಿ ನಿಲ್ಲಿಸಿಕೊಂಡು ತಾನು ಮುದುರಿ ಮಲಗಿದ್ದನಂತೆ, ಪುಣ್ಯಾತ್ಮ. ತಟ್ಟೆಯನ್ನು ಟರ್ನ್‌ಟೇಬಲ್ ಮೇಲಿಟ್ಟು ತಿರುಗಿಸಿ ಅಂಚನ್ನು ನೋಡಿದೆ, ಏರಿಳಿತವಿಲ್ಲ. ಮ್ಯಾಟ್ರಿಕ್ಸ್ ಫೋಟೋಗೆ ಸರಿಹೊಂದುತ್ತದೆ. ಇನ್ನೂ ಮುಳ್ಳು ಇಳಿಸಿಲ್ಲ.

ಈ ಭಾನುವಾರ ಎರಡನ್ನೂ ಒಂದರ ಹಿಂದೊಂದು ಕೇಳೋಣವೆಂದಿದ್ದೇನೆ. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿ, ಗಡಿಯಾರ ನೋಡಿಕೊಂಡು, ಎಲ್ಲೆಲ್ಲಿ ಪಾಠ ಬೇರೆಯಾಗುತ್ತದೆ ಎಂದು ಬರೆದುಕೊಳ್ಳುವ ಆಲೋಚನೆ. ನನ್ನದು ಬೆಲ್ಟಿನ ಟರ್ನ್‌ಟೇಬಲ್, ನಿಮಿಷದ ಲೆಕ್ಕಕ್ಕೆ ಅದನ್ನು ನಂಬಲಾರೆ. ಕೊಪ್ಪಳದ ಮೊಮ್ಮಗ ಅವರು ತಮ್ಮ ಕ್ವಾರ್ಟ್ಸ್ ಟರ್ನ್‌ಟೇಬಲ್ ತರಬಹುದೇ?

ಮೈಕ್‌ಸೆಟ್ ಮೊಮ್ಮಗ, ಕೊಪ್ಪಳ

ತರುತ್ತೇನೆ. ಅತ್ತೆಯೂ ಬರುತ್ತೇನೆಂದಿದ್ದಾರೆ. ಅವರಿಗಾಗಿ ಮನ್ಸೂರರ ತಟ್ಟೆಯನ್ನೂ ತರುತ್ತೇನೆ, ಮೊದಲು ಅದರಲ್ಲಿ ವೇಗ ಪರೀಕ್ಷೆ.

ತೋರಣಗಲ್ಲು ಫಿಟ್ಟರ್

ಭಾನುವಾರ ನನಗೆ ಎರಡನೇ ಪಾಳಿ, ಮಧ್ಯಾಹ್ನ ಎರಡಕ್ಕೆ ಗೇಟಿನಲ್ಲಿರಬೇಕು. 52 ಮತ್ತು 63 ಸೇರಿ 115 ನಿಮಿಷ, ತಿರುವಿ ಹಾಕುವುದಕ್ಕೆ ಐದು ನಿಮಿಷ, ಜಗಳಕ್ಕೆ ಅರ್ಧ ಗಂಟೆ. ಹತ್ತಕ್ಕೆ ಮುಳ್ಳು ಇಳಿಸುವುದಾದರೆ ಬರುತ್ತೇನೆ.